ಕೂನೂರಿನ ಮನೆಯಿಂದ ಬೆಂಗಳೂರಿನ ಕಚೇರಿಗೆ ಒಂದು ಸುರಂಗ



ಮೆಟ್ಟುಪಾಳ್ಯದಿಂದ ನೀಲಗಿರಿಯ ಪುಟ್ಟ ರೈಲು ಹತ್ತಿದ್ದೀರಾ? 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ಬಂದ ಈ ರೈಲುದಾರಿಯಲ್ಲಿ 16 ಸುರಂಗಗಳಿವೆ. ಎದುರು ಗುಡ್ಡದಲ್ಲಿ ನಿಂತು ನೋಡುವವರಿಗೆ ರೈಲು ಒಳಗೆ ಹೋಗೋದು ಕಾಣುತ್ತೆ, ಆ ಕಡೆ ಹೊರಗೆ ಬರೋದೂ ಕಾಣುತ್ತೆ. ನಡುವೆ ಬೋಗಿಯೊಳಗೆ ಏನು ನಡೆಯಿತು ಅನ್ನೋದು ಮಾತ್ರ ಗೊತ್ತಾಗಲ್ಲ.

ಇಂಟರ್ನೆಟ್‌ನಲ್ಲೂ ಇಂಥದೊಂದು ಸುರಂಗವಿದೆ. ಅದರ ಹೆಸರು ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್, ಚಿಕ್ಕದಾಗಿ ವಿಪಿಎನ್. ಎಲ್ಲರೂ ಓಡಾಡುವ ದಾರಿಯಲ್ಲೇ ನಮಗಷ್ಟೇ ಅಂತ ಮಾಡಿಕೊಂಡ ಮುಚ್ಚಿದ ದಾರಿ ಅದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಕಚೇರಿಯೊಂದರಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತಾಳೆ. 2020ರ ಯುಗಾದಿಗೆ ಕೂನೂರಿನ ಮನೆಗೆ ಬಂದಿದ್ದಳು. ಹಬ್ಬದ ದಿನವೇ, ಮಾರ್ಚ್ 25ರಂದು, ದೇಶವೆಲ್ಲ ಲಾಕ್‌ಡೌನ್. ರೈಲೂ ಇಲ್ಲ, ಬಸ್ಸೂ ಇಲ್ಲ. ತಿಂಗಳ ಕೊನೆ ಹತ್ತಿರ ಬಂತು. ಲೆಕ್ಕ ಮುಗಿಯದಿದ್ದರೆ ಕಚೇರಿಯಲ್ಲಿ ಯಾರಿಗೂ ಸಂಬಳವಿಲ್ಲ. ಕಡತಗಳೆಲ್ಲ ಬೆಂಗಳೂರಿನ ಸರ್ವರ್‌ನಲ್ಲಿ!

ಆ ಸರ್ವರನ್ನೇ ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟರೆ? ಮುಂಬಾಗಿಲು ಹಾರುಹೊಡೆದು, ‘ಮನೆಯವರು ಮಾತ್ರ ಬನ್ನಿ’ ಅಂತ ಬೋರ್ಡು ಹಾಕಿದ ಹಾಗಾಗುತ್ತೆ. ಅದಕ್ಕೇ ಕಚೇರಿಯ ಕಂಪ್ಯೂಟರ್ ವಿಭಾಗದವರು ವಿಪಿಎನ್ ಹೊಂದಿಸಿದರು. ಅದರಲ್ಲಿ ನಾಲ್ಕು ಕೆಲಸಗಳಿವೆ.

ಒಂದು, ಕಚೇರಿ ಜಾಲದ ಬಾಗಿಲಲ್ಲಿ ವಿಪಿಎನ್ ಸರ್ವರ್ ಇಡುವುದು. ಹೊರಗಿನಿಂದ ಹುಡುಕಿಕೊಂಡು ಬರಬೇಕಲ್ಲ, ಅದಕ್ಕೆ ಬದಲಾಗದ ಐಪಿ ವಿಳಾಸ ಇದ್ದರೆ ಒಳ್ಳೆಯದು. ಎರಡು, ಬಳಕೆದಾರರ ಲ್ಯಾಪ್‌ಟಾಪ್‌ನಲ್ಲಿ ಒಂದು ಜೊತೆ ಕೀಲಿ ಮಾಡುವುದು. ಗುಟ್ಟಿನ ಕೀಲಿ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು. ಬಹಿರಂಗ ಕೀಲಿಯನ್ನು ಕಚೇರಿಗೆ ಕೊಡಬಹುದು. ಮೂರು, ಸುರಂಗದೊಳಗೆ ಅವರಿಗೊಂದು ವಿಳಾಸ ಕೊಡುವುದು, ಉದಾಹರಣೆಗೆ 10.8.0.5. ನಾಲ್ಕು, ಅವರು ಯಾವ ಯಂತ್ರಗಳನ್ನು ಮುಟ್ಟಬಹುದು ಎಂಬ ನಿಯಮ ಬರೆಯುವುದು. ಸಂಬಳದ ಲೆಕ್ಕ ನೋಡುವವರಿಗೆ ಆ ಸರ್ವರ್ ಒಂದೇ ಸಾಕು, ಉಳಿದದ್ದೇಕೆ?

ಇಷ್ಟಾದ ಮೇಲೆ ಲ್ಯಾಪ್‌ಟಾಪ್ ಕಳಿಸುವ ಮಾಹಿತಿಯ ಪ್ರತಿ ತುಣುಕೂ ಗೂಢಲಿಪಿಯಾಗಿ, ಇನ್ನೊಂದು ಲಕೋಟೆಯೊಳಗೆ ಸೇರಿ ಹೊರಡುತ್ತದೆ. ಹೊರಗಿನ ಲಕೋಟೆಯ ಮೇಲೆ ‘ಯಾರಿಗೆ’ ಎಂಬಲ್ಲಿ ಇರುವುದು ವಿಪಿಎನ್ ಸರ್ವರಿನ ವಿಳಾಸ ಮಾತ್ರ. ಇಂಟರ್ನೆಟ್ ಕೊಡುವ ಕಂಪನಿಗೆ ಎಷ್ಟು ಲಕೋಟೆ, ಯಾವಾಗ, ಎಲ್ಲಿಗೆ ಹೋಯಿತು ಅನ್ನೋದು ತಿಳಿಯುತ್ತೆ. ಒಳಗೇನಿದೆ ಅನ್ನೋದು ತಿಳಿಯಲ್ಲ. ಗುಡ್ಡದ ಮೇಲೆ ನಿಂತವರ ಹಾಗೆಯೇ!

ಸಂಜೆ ಅವಳ ಫೋನ್ ಬಂತು. “ಸರ್, ಕನೆಕ್ಟ್ ಆಗಿದೆ ಅಂತ ಹಸಿರು ಗುರುತು ತೋರಿಸ್ತಿದೆ. ಆದ್ರೆ ಕಡತ ಒಂದೂ ತೆರೀತಿಲ್ಲ!”

“ಕಚೇರಿ ಸರ್ವರಿನ ಐಪಿ ವಿಳಾಸ ಎಷ್ಟಮ್ಮ?”

“192.168.1.20, ಸರ್.”

“ನಿಮ್ಮ ಮನೆ ಲ್ಯಾಪ್‌ಟಾಪಿನದು?”

ಸ್ವಲ್ಪ ಹೊತ್ತು ಸದ್ದಿಲ್ಲ. “192.168.1.7... ಅಯ್ಯೋ, ಎರಡೂ ಒಂದೇ ಥರ ಇದೆಯಲ್ಲ ಸರ್!”

ಸಿಕ್ಕಿತು ನೋಡಿ ಕಾರಣ. 192.168ರಿಂದ ಶುರುವಾಗುವ ವಿಳಾಸಗಳು ಮನೆ, ಕಚೇರಿಗಳ ಒಳಬಳಕೆಗೆಂದೇ ಬಿಟ್ಟವು. ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ‘1ನೇ ಮುಖ್ಯರಸ್ತೆ, 20ನೇ ನಂಬರ್ ಮನೆ’ ಇರುವುದಿಲ್ಲವೇ, ಹಾಗೆ. 192.168.1.20 ಎಲ್ಲಿ ಅಂತ ಕೇಳಿದಾಗ ಲ್ಯಾಪ್‌ಟಾಪ್, ‘ಅದು ನಮ್ಮದೇ ಬೀದಿ’ ಅಂದುಕೊಂಡು ಕೂನೂರಿನ ಮನೆಯೊಳಗೇ ಹುಡುಕುತ್ತಾ ಕೂತಿತ್ತು. ಸುರಂಗ ಸಿದ್ಧವಿದ್ದರೂ ಅದರ ಬಾಯಿಯ ಹತ್ತಿರವೂ ಹೋಗಿರಲಿಲ್ಲ! ಮನೆಯ ರೌಟರಿನ ವಿಳಾಸವನ್ನು 192.168.50.1 ಅಂತ ಬದಲಾಯಿಸಿ, ಲ್ಯಾಪ್‌ಟಾಪನ್ನು ಮತ್ತೆ ವೈಫೈಗೆ ಜೋಡಿಸಿದಳು. ಕಡತ ತೆರೆಯಿತು. ಆ ತಿಂಗಳ ಸಂಬಳ ಎಲ್ಲರ ಕೈ ಸೇರಿತು.

ಇದರಿಂದ ಒಂದು ಮಾತು ನೆನಪಿಟ್ಟುಕೊಳ್ಳಿ. ಸುರಂಗ ಕಾಯುವುದು ನಡುವಿನ ದಾರಿಯನ್ನು ಮಾತ್ರ. ಎರಡು ಬಾಯಿಗಳನ್ನು ನಾವೇ ಕಾಯಬೇಕು. ಲ್ಯಾಪ್‌ಟಾಪಿಗೆ ವೈರಸ್ ಹತ್ತಿದ್ದರೆ ಅದೂ ಸುರಂಗದಲ್ಲೇ ಕಚೇರಿಗೆ ಹೋಗಬಹುದು. ಲ್ಯಾಪ್‌ಟಾಪ್ ಕಳೆದರೆ ಅದರ ಕೀಲಿಯನ್ನು ಕಚೇರಿಯವರು ತಕ್ಷಣ ರದ್ದು ಮಾಡಬೇಕು.

ಇನ್ನು ನಿಮ್ಮ ಮೊಬೈಲಿನ ವಿಷಯ. ‘ಫ್ರೀ ವಿಪಿಎನ್, ಯಾರಿಗೂ ಏನೂ ಕಾಣಲ್ಲ’ ಅನ್ನುವ ಆಪ್‌ಗಳನ್ನು ನೋಡಿರುತ್ತೀರಿ. ಅಲ್ಲಿ ಸುರಂಗದ ಆ ಕಡೆಯ ಬಾಯಿಯಲ್ಲಿ ನಿಂತವರು ಯಾರು? ಅವಳಿಗೆ ಅದು ತನ್ನದೇ ಕಚೇರಿ. ನಿಮಗೆ ಗುರುತೇ ಇಲ್ಲದವರು! ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಅವರಿಗೆ ತಿಳಿಯುತ್ತದೆ. ಹಾಕಿಕೊಳ್ಳುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ.

ಮಾಡಿ ನೋಡಿ: ಎಲ್ಲರೂ ಕೇಳಿಸಿಕೊಳ್ಳುತ್ತಿರುವಾಗಲೇ ಇಬ್ಬರು ಒಂದು ಗುಟ್ಟಿನ ಸಂಖ್ಯೆಗೆ ಬರಲು ಸಾಧ್ಯವೇ? ತರಗತಿಯಲ್ಲಿ 2 ಮತ್ತು 11 ಅಂತ ಗಟ್ಟಿಯಾಗಿ ಹೇಳಿ. ನೀವು ಮನಸ್ಸಿನಲ್ಲಿ 3 ಇಟ್ಟುಕೊಳ್ಳಿ, ಗೆಳತಿ 4 ಇಟ್ಟುಕೊಳ್ಳಲಿ. ನೀವು 2ನ್ನು 3 ಸಲ ಗುಣಿಸಿ (2×2×2=8) 11ರಿಂದ ಭಾಗಿಸಿ; ಶೇಷ 8. ಅವಳು 2ನ್ನು 4 ಸಲ ಗುಣಿಸಿದರೆ 16, ಶೇಷ 5. ಈ 8 ಮತ್ತು 5ನ್ನು ಕೂಗಿ ಹೇಳಿ. ಈಗ ನೀವು ಅವಳ 5ನ್ನು 3 ಸಲ ಗುಣಿಸಿ: 125, ಶೇಷ 4. ಅವಳು ನಿಮ್ಮ 8ನ್ನು 4 ಸಲ ಗುಣಿಸಲಿ: 4096, ಶೇಷ 4. ಇಬ್ಬರಿಗೂ 4 ಬಂತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ! 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ಉಪಾಯವಿದು. ವಿಪಿಎನ್‌ಗಳೂ ಇದೇ ತತ್ವ ಬಳಸುತ್ತವೆ. ಅಲ್ಲಿ ಸಂಖ್ಯೆಗಳು ತುಂಬಾ ತುಂಬಾ ದೊಡ್ಡವು.

ಅಷ್ಟು ದೊಡ್ಡ ಸಂಖ್ಯೆಗಳೇ ಯಾಕೆ ಬೇಕು? ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಮೂರನೆಯವರಿಗೆ ನಿಮ್ಮ 3ನ್ನು ಕಂಡುಹಿಡಿಯಲು ಹೇಳಿ. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ, ಉತ್ತರ ಅಲ್ಲೇ ಸಿಗುತ್ತೆ.