ಕುದುರೆಗೂ ಒಂದು ಪಾಲು

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ ಮಾತಿನಲ್ಲೇ ಸಾಹಸಕಥೆ ಕಟ್ಟುವ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ವೀರನಿಗಷ್ಟೇ ಅಲ್ಲ, ಅವನ ಕುದುರೆಗೂ ಪ್ರಾಣದ ಲೆಕ್ಕವುಂಟು.

ತೊಡಕಿರುವುದೂ ಅಲ್ಲೇ. ವೀರ ಪಳಗಿದಂತೆ ಅವನ ಪ್ರಾಣಾಂಕ ಏರುತ್ತದೆ. ಸಂತೆಯಲ್ಲಿ ಕೊಂಡ ಕುದುರೆಯದು ಇದ್ದಷ್ಟೇ ಇರುತ್ತದೆ. ರಾಕ್ಷಸನ ಒಂದು ಪೆಟ್ಟಿಗೆ ಕುದುರೆ ಉರುಳಿದರೆ ಸವಾರನೂ ನೆಲ ಕಂಡಂತೆಯೇ.

2000ದಲ್ಲಿ ಬಂದ ಮೂರನೆಯ ಆವೃತ್ತಿ ‘ಫೀಟ್’ ಎಂಬ ವಿಶೇಷ ಸಾಮರ್ಥ್ಯಗಳನ್ನು ತಂದಿತು. 2003ರ ಪರಿಷ್ಕೃತ ನಿಯಮದಲ್ಲಿ ಯುದ್ಧದ ಕುದುರೆಗೆ ತಾಳಿಕೆ ಮತ್ತು ಓಟ ಮೊದಲೇ ದತ್ತ. ಡ್ರೂಯಿಡ್ ಎಂಬ ವನಪೂಜಾರಿಯ ಒಡನಾಡಿ ಪ್ರಾಣಿಯಾದರೋ ಅವನೊಂದಿಗೇ ಬೆಳೆದು ಹೊಸ ಫೀಟ್ ಗಳಿಸುತ್ತದೆ. ಆಗ ಕಚ್ಚುವ, ಒದೆಯುವ ಬಲ ಹೆಚ್ಚಿಸಬೇಕೆನಿಸುವುದು ಸಹಜ. ಆದರೆ ವಾಹನದ ಮೊದಲ ಕೆಲಸ ಕೊಲ್ಲುವುದಲ್ಲ, ಹೊತ್ತು ನಿಲ್ಲುವುದು. ಆದ್ದರಿಂದ ಪೆಟ್ಟು ತಪ್ಪಿಸುವ, ಪ್ರಾಣಾಂಕ ಕೂಡಿಸುವ ಫೀಟ್‌ಗಳೇ ಅದಕ್ಕೆ ಮೇಲು.

ಸವಾರನೂ ತನ್ನ ಪಾಲು ಕೊಡಬೇಕು. ‘ಮೌಂಟೆಡ್ ಕಾಂಬ್ಯಾಟ್’ ಫೀಟ್ ಪಡೆದವನು, ಸವಾರಿಯ ದಾಳ ಒಲಿದರೆ, ಸುತ್ತಿಗೊಮ್ಮೆ ಕುದುರೆಗೆ ಬಿದ್ದ ಪೆಟ್ಟನ್ನು ತಪ್ಪಿಸಬಲ್ಲ. 2014ರ ಐದನೆಯ ಆವೃತ್ತಿ ಇನ್ನೂ ಮುಂದೆ ಹೋಯಿತು: ಕುದುರೆಗೆ ಗುರಿಯಿಟ್ಟ ಏಟನ್ನು ಸವಾರ ತನ್ನತ್ತ ತಿರುಗಿಸಿಕೊಳ್ಳಬಹುದು. ಹೊತ್ತವನ ಋಣವನ್ನು ಆಟದ ನಿಯಮವೂ ಮರೆತಿಲ್ಲ.