ಮೂವರು ಅಣ್ಣತಮ್ಮಂದಿರ ಬಂಡಿ

"ನಾವು ಉದಗೀರ ಕಡೆಯವರಪಾ. ಮೂವರು ಅಣ್ಣತಮ್ಮರು ಒಂದೇ ಬಂಡ್ಯಾಗ ಬಂದ್ರು. ದೊಡ್ಡಾಂವ ಔರಾದಕ್ಕ ಹೋದ, ನಡಬರಕಿನಾಂವ ಬೀದರಕ್ಕ, ಸಣ್ಣಾಂವ ಇಲ್ಲೇ ಭಾಲ್ಕ್ಯಾಗ ಉಳಿದ. ಅಂವನೇ ನಮ್ಮಪ್ಪ."

ಮುತ್ಯಾನ ಈ ಕಥೆ ಕೇಳಿಯೇ ನಾನು ಬೆಳೆದಿದ್ದು. (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತಾರೆ.) ಉದಗೀರ ಈಗ ಮಹಾರಾಷ್ಟ್ರದಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಅದೂ ಬೀದರ್ ಜಿಲ್ಲೆಯೇ.

ಕಳೆದ ಸೆಮಿಸ್ಟರ್ ರಜೆಯಲ್ಲಿ ವಂಶವೃಕ್ಷ ಬರೆಯಲು ಕೂತೆ. ಹೇಗೆ ಬರೆಯುವುದೆಂದು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ನಗು ಬಂತು. ವಸಾಹತು ಕಾಲದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ ಎಷ್ಟೋ ಮನೆತನಗಳಲ್ಲೂ ಇದೇ 'ಮೂವರು ಅಣ್ಣತಮ್ಮಂದಿರು' ಕಥೆ! ಒಂದೇ ಅಡ್ಡಹೆಸರಿನವರು ಬೇರೆ ಬೇರೆ ಊರಲ್ಲಿದ್ದರೆ ಅವರನ್ನು ಜೋಡಿಸಲು ಇದು ಸುಲಭದ ದಾರಿ. ದಾಖಲೆ ಸಿಗುವ ತನಕ ಅಲ್ಲಿನ ಸಂಶೋಧಕರು ಇದನ್ನು ನಂಬುವುದಿಲ್ಲ.

ನಮ್ಮ ದಾಖಲೆ ಮುತ್ಯಾನ ಟ್ರಂಕಿನಲ್ಲಿತ್ತು. ಅವರಪ್ಪನ ಹೆಸರಿನ ಹೊಲದ ಕಾಗದ, ಉರ್ದುವಿನಲ್ಲಿ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಸೀಮೆ ನಮ್ಮದು. ಮನೆಯಲ್ಲಿ ಅದನ್ನು ಓದುವವರೇ ಇಲ್ಲ. ಬೀದರ್‌ನ ಚೌಬಾರಾ ಹತ್ತಿರವಿರುವ ಕ್ಲಾಸ್‌ಮೇಟ್ ಒಬ್ಬನ ಅಜ್ಜ ಭೂತಗನ್ನಡಿ ಹಿಡಿದು ಓದಿದರು. ತಾರೀಖು ಫಸಲಿ 1343. ನಾನು ಕಣ್ಣು ಬಿಟ್ಟೆ. "590 ಕೂಡಿಸು ಬೇಟಾ" ಎಂದರು. ಅಂದರೆ 1933-34. 'ವಲದ್' ಎಂದರೆ ಇಂಥವರ ಮಗ, 'ಸಾಕಿನ್' ಎಂದರೆ ಇಂಥ ಊರಿನವ. ಅಡ್ಡಹೆಸರು ಇರಲೇ ಇಲ್ಲ. 'ವಲದ್' ಮುಂದೆ ಇದ್ದದ್ದು ನಮ್ಮ ಮನೆಯಲ್ಲಿ ಯಾರೂ ಕೇಳದ ಹೆಸರು.

ಊರು ಉದಗೀರವೂ ಅಲ್ಲ. ಯಾವುದೆಂದು ಹೇಳುವುದೂ ಕಷ್ಟ. ಬರೆದವರು ಅವಸರದಲ್ಲಿ ಚುಕ್ಕೆ ಬಿಟ್ಟಿದ್ದರು. ಉರ್ದುವಿನಲ್ಲಿ ಚುಕ್ಕೆ ಇಲ್ಲದಿದ್ದರೆ ಪದದ ಮೊದಲಿನ ಬ, ತ, ನ ಮೂರೂ ಒಂದೇ ಥರ ಕಾಣುತ್ತವಂತೆ. ಸರ್ಕ್ಯೂಟ್ ಡಯಾಗ್ರಾಂ ಓದುವುದೇ ವಾಸಿ.

ಔರಾದಿಗೆ ಬಸ್ ಹತ್ತಿದೆ. ಅಲ್ಲಿನ ಶಾಖೆಯ ಹಿರಿಯಜ್ಜಿ ಕಾಗದದ ಹೆಸರು ಕೇಳಿ ಎಲೆ ಮಡಚುವುದನ್ನು ನಿಲ್ಲಿಸಿದರು. "ಯಾಕ್ ಕೆದಕ್ಲತ್ತೀ? ಬಂಡ್ಯಾಗ ಅಣ್ಣತಮ್ಮರು ಇಬ್ಬರೇ ಇದ್ರು. ನಿಮ್ಮಾಂವ ದಾರ್ಯಾಗ ಸಿಕ್ಕ ಹುಡುಗ. ಬರಗಾಲದಾಗ ತಾಯಿ-ತಂದಿ ಸತ್ತಿದ್ರು. ತಮ್ಮಂತ ಸಾಕಿದ್ರು. ಹೊಲದಾಗೂ ಪಾಲು ಕೊಟ್ರು."

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ, ಇದನ್ನು ಹೇಳಬೇಕೋ ಬೇಡವೋ. ಮದುವೆ ಮನೆಗಳಲ್ಲಿ 'ಉದಗೀರದ ಮನೆತನ' ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಮನುಷ್ಯ ಅವರು. ಅಪ್ಪ ಬೇಡವೆಂದರು. ನನಗೆ ಮುಚ್ಚಿಡಲು ಆಗಲಿಲ್ಲ, ರಾತ್ರಿ ಊಟವಾದ ಮೇಲೆ ಹೇಳಿದೆ.

ಮುತ್ಯಾ ಬಹಳ ಹೊತ್ತು ಸುಮ್ಮನಿದ್ದರು. "ನಮ್ಮಪ್ಪ ಒಮ್ಮೆನೂ ಉದಗೀರಕ್ಕ ಕರ್ಕೊಂಡು ಹೋಗ್ಲಿಲ್ಲ. ಕೇಳಿದ್ರ ಸಿಟ್ಟಿಗೇಳ್ತಿದ್ದ" ಎಂದರು.

ಬ, ತ, ನದಿಂದ ಶುರುವಾಗುವ ಹಳ್ಳಿಗಳ ಪಟ್ಟಿ ಮಾಡುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಹೊರಡಬೇಕು. ಮುತ್ಯಾ ಈಗಲೇ ಚಪ್ಪಲಿ ಹೊಲಿಸಿಟ್ಟುಕೊಂಡಿದ್ದಾರೆ.