ಗಾಳಿ ಒಪ್ಪಿದರೆ ಹಡಗು

ಬರಿಯ ಬಂಡೆಗಳಂಥ ನಡುಗಡ್ಡೆಗಳನ್ನೂ ಸೇರಿಸಿ ಎಣಿಸಿದರೆ ಗ್ರೀಸ್ ದೇಶದ ದ್ವೀಪಗಳು ಸುಮಾರು 6,000. ಅವುಗಳಲ್ಲಿ ಜನ ವಾಸಿಸುವವು 227 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ವಿಮಾನ ಇಳಿಯುವಷ್ಟು ಜಾಗ ಇರುವ ದ್ವೀಪಗಳು ಇನ್ನೂ ಕಡಿಮೆ. ಉಳಿದ ಕಡೆಗೆಲ್ಲ ಅಂಚೆ, ತರಕಾರಿ, ಸಿಮೆಂಟು, ಶಾಲೆಯ ಮೇಷ್ಟರು, ಮದುವೆಗೆ ಹೊರಟ ನೆಂಟರು ಎಲ್ಲವೂ ಎಲ್ಲರೂ ಹೋಗುವುದು ಹಡಗಿನಲ್ಲೇ. ಪ್ರವಾಸಿಗನಿಗೂ ಅದೇ ಹಡಗು. ದ್ವೀಪದವರ ಬದುಕಿಗಾಗಿ ಓಡುವ ಈ ಹಡಗುಗಳಲ್ಲಿ ಅವನು ಬೇಸಿಗೆಗೆ ಬಂದು ಹೋಗುವ ಅತಿಥಿ. ಇಷ್ಟು ತಿಳಿದರೆ ಹಡಗಿನ ವೇಳಾಪಟ್ಟಿಯ ಅರ್ಧ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ.

ಭೂಪಟದಲ್ಲಿ ಈ ದ್ವೀಪಗಳು ಅಂಗಳದಲ್ಲಿ ಚೆಲ್ಲಿದ ಕಾಳಿನ ಹಾಗೆ ಒತ್ತೊತ್ತಾಗಿ ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಅನ್ನಿಸುವುದು ಸಹಜ. ಆದರೆ ಹಡಗಿನ ಹೆಚ್ಚಿನ ದಾರಿಗಳು ಅಥೆನ್ಸಿನ ಪಿರೇಯಸ್ ಬಂದರಿನಿಂದ ಬೆರಳು ಬಿಡಿಸಿದ ಹಾಗೆ ಹೊರಡುತ್ತವೆ. ಒಂದೇ ಬೆರಳಿನ ಮೇಲಿರುವ ದ್ವೀಪಗಳ ನಡುವೆ ಓಡಾಟ ಸುಲಭ, ಬೆರಳಿನಿಂದ ಬೆರಳಿಗೆ ದಾಟುವುದು ಕಷ್ಟ. ಪಶ್ಚಿಮದ ಅಯೋನಿಯನ್ ಸಮುದ್ರದ ಕಾರ್ಫುವಿನಿಂದ ಏಜಿಯನ್ ಸಮುದ್ರದ ಸ್ಯಾಂಟೊರಿನಿಗೆ ಹೋಗಬೇಕೆಂದರೆ ಮೊದಲು ಮುಖ್ಯಭೂಮಿಗೆ ಬಂದು, ಅದನ್ನು ಅಡ್ಡ ದಾಟಿ, ಇನ್ನೊಂದು ಬಂದರಿನಲ್ಲಿ ಹಡಗು ಹತ್ತಬೇಕು.

ದ್ವೀಪಗಳನ್ನು ಕೆಲವು ಗುಂಪುಗಳಾಗಿ ವಿಂಗಡಿಸುವ ರೂಢಿ ಇದೆ. ಅಥೆನ್ಸಿಗೆ ಹತ್ತಿರದವು ಸರೋನಿಕ್ ದ್ವೀಪಗಳು. ಇವುಗಳಲ್ಲಿ ಈಜೈನಾಕ್ಕೆ ವೇಗದ ದೋಣಿಯಲ್ಲಿ ಸುಮಾರು 40 ನಿಮಿಷ ಸಾಕು. ಮೋಟಾರು ವಾಹನಗಳಿಗೆ ಅವಕಾಶವಿಲ್ಲದ ಹೈಡ್ರಾದಲ್ಲಿ ಸಾಮಾನು ಇವತ್ತಿಗೂ ಹೇಸರಗತ್ತೆಯ ಬೆನ್ನೇರುತ್ತದೆ. ಏಜಿಯನ್ ನಡುವೆ ಇರುವ ಸೈಕ್ಲಡೀಸ್ ಗುಂಪೇ ಎಲ್ಲಕ್ಕಿಂತ ಹೆಸರಾದದ್ದು. ಅಪೊಲೊ ಹುಟ್ಟಿದನೆಂಬ ಪವಿತ್ರ ಡಿಲೋಸ್ ಸುತ್ತ ವೃತ್ತವಾಗಿ ಹರಡಿರುವುದರಿಂದ ಅದಕ್ಕೆ ಆ ಹೆಸರು. ಆಗ್ನೇಯದಲ್ಲಿ ಟರ್ಕಿಯ ಕರಾವಳಿಗೆ ಒತ್ತಿಕೊಂಡು ರೋಡ್ಸ್, ಕೊಸ್, ಪಾಟ್ಮೊಸ್ ಮೊದಲಾದ ಡೊಡೆಕನೀಸ್ ದ್ವೀಪಗಳಿವೆ. ಸ್ಪೊರಡೀಸ್, ಉತ್ತರ ಏಜಿಯನ್, ಅಯೋನಿಯನ್ ಗುಂಪುಗಳಿಗೆ ಅವುಗಳದೇ ಬಂದರುಗಳು, ಅವುಗಳದೇ ದಾರಿಗಳು. ಕ್ರೀಟ್ ಮಾತ್ರ ಯಾವ ಗುಂಪಿಗೂ ಸೇರದ ದೊಡ್ಡ ನಾಡು.

ಮೊದಲ ಸಲ ಹೋಗುವವರಿಗೆ ಸೈಕ್ಲಡೀಸ್ ಅನುಕೂಲ. ಅಲ್ಲಿ ಹಡಗುಗಳು ಹೆಚ್ಚು, ದೂರ ಕಡಿಮೆ. ಪಿರೇಯಸ್ಸಿನಿಂದ ಪಾರೊಸ್, ನಾಕ್ಸೊಸ್, ಇಯೊಸ್ ಮೂಲಕ ಸ್ಯಾಂಟೊರಿನಿಗೆ ಹೋಗುವುದು ಒಂದು ದಾರಿ. ಸಿರೊಸ್, ಟಿನೊಸ್, ಮಿಕೊನೊಸ್‌ಗಳದು ಇನ್ನೊಂದು. ಕಿಥ್ನೊಸ್, ಸೆರಿಫೊಸ್, ಸಿಫ್ನೊಸ್, ಮಿಲೊಸ್ ಎಂಬ ಪಶ್ಚಿಮದ ಸಾಲು ಮೂರನೆಯದು. ಹತ್ತು ದಿನ ಇದ್ದವರು ಇವುಗಳಲ್ಲಿ ಒಂದೇ ಸಾಲನ್ನು ಹಿಡಿದು ಮೂರು ದ್ವೀಪ ನೋಡಿದರೆ ನೆಮ್ಮದಿ. ಆರು ದ್ವೀಪ ನೋಡಲು ಹೊರಟವರು ನೋಡುವುದು ಹೆಚ್ಚಾಗಿ ಆರು ಬಂದರುಕಟ್ಟೆಗಳನ್ನು.

ಹೆಚ್ಚಿನ ಪಯಣಗಳು ಶುರುವಾಗುವ ಪಿರೇಯಸ್ ಬಂದರನ್ನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಥೆಮಿಸ್ಟೊಕ್ಲಿಸ್ ಕೋಟೆ ಕಟ್ಟಿಸಿ ಬೆಳೆಸಿದ. ಇಂದು ಅದು ಯುರೋಪಿನ ಅತಿ ದಟ್ಟಣೆಯ ಪ್ರಯಾಣಿಕ ಬಂದರುಗಳಲ್ಲಿ ಒಂದು. 2022ರಿಂದ ಅಥೆನ್ಸ್ ವಿಮಾನ ನಿಲ್ದಾಣದ ಮೆಟ್ರೊ ನೇರವಾಗಿ ಇಲ್ಲಿಗೇ ಬರುತ್ತದೆ. ಸುಮಾರು ಒಂದು ಗಂಟೆಯ ದಾರಿ. ಆದರೆ ಮೆಟ್ರೊ ಇಳಿದಾಕ್ಷಣ ಹಡಗು ಸಿಗುತ್ತದೆ ಎಂದುಕೊಳ್ಳುವ ಹಾಗಿಲ್ಲ. ಬಂದರು ಕುದುರೆಲಾಳದ ಹಾಗೆ ಬಾಗಿದೆ. ಇ-1ರಿಂದ ಶುರುವಾಗುವ ಸಂಖ್ಯೆಗಳ ದ್ವಾರಗಳು ಅದರ ಸುತ್ತ ಹರಡಿವೆ. ರೋಡ್ಸ್ ಕಡೆಯ ಹಡಗು ನಿಲ್ಲುವ ಇ-1 ನಿಲ್ದಾಣದಿಂದ ನಡೆದು ಹೋಗುವವರಿಗೆ ಬಲು ದೂರ. ಆದ್ದರಿಂದ ಹಡಗಿನ ಹೆಸರಿನಷ್ಟೇ ದ್ವಾರದ ಸಂಖ್ಯೆಯನ್ನೂ ಮೊದಲೇ ನೋಡಿಕೊಂಡಿರಬೇಕು. ಹಡಗು ಹೊರಡುವ ಮುಕ್ಕಾಲು ಗಂಟೆ ಮೊದಲು ದ್ವಾರದಲ್ಲಿ ಇರುವುದು ಲೇಸು. ಆಂಡ್ರೊಸ್, ಟಿನೊಸ್, ಮಿಕೊನೊಸ್‌ಗಳಿಗೆ ಹೋಗುವವರಿಗೆ ವಿಮಾನ ನಿಲ್ದಾಣಕ್ಕೆ ಹತ್ತಿರದ ರಫೀನಾ ಎಂಬ ಸಣ್ಣ ಬಂದರು ಅನುಕೂಲ. ಕೆಯಾ ದ್ವೀಪಕ್ಕೆ ಲಾವ್ರಿಯೊದಿಂದಲೇ ಹೋಗಬೇಕು.

ಹಡಗುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಲಾರಿ, ಬಸ್ಸು, ಕಾರುಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ನಿಧಾನವಾಗಿ ಸಾಗುವ ದೊಡ್ಡ ಹಡಗು ಒಂದು, ನೀರನ್ನು ಸೀಳಿಕೊಂಡು ಓಡುವ ಜೋಡಿ ಒಡಲಿನ ಕೆಟಮರಾನ್ ಇನ್ನೊಂದು. ಪಿರೇಯಸ್ಸಿನಿಂದ ಸ್ಯಾಂಟೊರಿನಿಗೆ ದೊಡ್ಡ ಹಡಗು ಎಂಟು ಗಂಟೆಯಷ್ಟು ತೆಗೆದುಕೊಂಡರೆ ವೇಗದ್ದು ಐದು ಗಂಟೆಯ ಆಸುಪಾಸಿನಲ್ಲಿ ಮುಟ್ಟುತ್ತದೆ. ಟಿಕೆಟ್ ದರವೂ ಅದಕ್ಕೆ ತಕ್ಕಂತೆ ಏರುತ್ತದೆ. ಉಳಿಯುವ ಮೂರು ಗಂಟೆಗಾಗಿ ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ವೇಗದ ಹಡಗುಗಳಲ್ಲಿ ಬಹುಪಾಲು ಗಾಜಿನ ಹಿಂದೆ ಕಟ್ಟಿಹಾಕಿದಂತೆ ಕೂರಬೇಕು. ಸಮುದ್ರ ಸ್ವಲ್ಪ ಕದಡಿದರೂ ಹೊಟ್ಟೆ ತೊಳೆಸುತ್ತದೆ. ದೊಡ್ಡ ಹಡಗಿನಲ್ಲಿ ಅತಿ ಅಗ್ಗದ ಟಿಕೆಟ್ ಕೊಂಡವನಿಗೂ ತೆರೆದ ಮೇಲಟ್ಟದಲ್ಲಿ ಜಾಗ ಇದೆ. ಅಲ್ಲಿ ಐಸ್ ಹಾಕಿದ ಕಾಫಿ ಹಿಡಿದು, ಇಸ್ಪೀಟು ಆಡುವ ಊರವರ ಪಕ್ಕದಲ್ಲಿ ಕೂತು, ಒಂದೊಂದೇ ದ್ವೀಪ ಎದ್ದು ಬರುವುದನ್ನು ನೋಡಬಹುದು. ಅವಸರ ಇಲ್ಲದವರಿಗೆ ಇದೇ ಸರಿ. ಕ್ರೀಟ್, ರೋಡ್ಸ್‌ನಂಥ ದೂರದ ದ್ವೀಪಗಳಿಗೆ ರಾತ್ರಿ ಹಡಗುಗಳಿವೆ. ಅವುಗಳಲ್ಲಿ ಮಲಗುವ ಕೋಣೆ ಹಿಡಿದರೆ ಒಂದು ದಿನದ ಹೋಟೆಲ್ ಖರ್ಚು ಉಳಿಯುತ್ತದೆ.

ಬ್ಲೂ ಸ್ಟಾರ್, ಸೀಜೆಟ್ಸ್, ಮಿನೊವನ್ ಮುಂತಾದ ಕಂಪನಿಗಳ ಟಿಕೆಟ್‌ಗಳು ಆನ್‌ಲೈನಿನಲ್ಲೂ ಬಂದರಿನ ಅಂಗಡಿಗಳಲ್ಲೂ ಸಿಗುತ್ತವೆ. ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಇರಬೇಕು. ಸಾಮಾನ್ಯ ದಿನಗಳಲ್ಲಿ ಮೇಲಟ್ಟದ ಟಿಕೆಟ್ ಒಂದೆರಡು ದಿನ ಮೊದಲು ಕೊಂಡರೂ ಸಾಕು. ಈಸ್ಟರ್ ಸಮಯಕ್ಕೂ ಆಗಸ್ಟ್ 15ರ ಸುತ್ತಮುತ್ತಲಿಗೂ ಈ ಮಾತು ಹೊಂದುವುದಿಲ್ಲ. ಆಗಸ್ಟ್ 15 ಮಾತೆ ಮರಿಯಳ ಹಬ್ಬ. ಅಂದು ಟಿನೊಸ್‌ನ ಚರ್ಚಿಗೆ ದೇಶದ ಮೂಲೆಮೂಲೆಗಳಿಂದ ಹರಕೆ ಹೊತ್ತವರು ಬರುತ್ತಾರೆ. ಬಂದರಿನಿಂದ ಚರ್ಚಿನವರೆಗೆ ಮೊಣಕಾಲ ಮೇಲೆ ಏರುವವರೂ ಉಂಟು. ಆ ವಾರ ಹಡಗುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇನ್ನು ಚಳಿಗಾಲದಲ್ಲಿ ಹಡಗುಗಳ ಸಂಖ್ಯೆ ಇಳಿಯುತ್ತದೆ, ವೇಗದವು ಬಹುತೇಕ ನಿಂತೇ ಹೋಗುತ್ತವೆ. ಮೇ ತಿಂಗಳ ಕೊನೆ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ಕಾಲ.

ಹತ್ತುವುದಕ್ಕಿಂತ ಇಳಿಯುವುದೇ ಹೊಸಬರನ್ನು ಗಾಬರಿಗೊಳಿಸುತ್ತದೆ. ಹಡಗು ಬಂದರಿನೊಳಗೆ ಬಂದು, ಇದ್ದಲ್ಲೇ ತಿರುಗಿ, ಲಂಗರು ಬಿಟ್ಟು, ಹಿಂದೆ ಹಿಂದೆ ಸರಿಯುತ್ತ ದಕ್ಕೆಗೆ ಬೆನ್ನು ಕೊಡುತ್ತದೆ. ಅದು ಇನ್ನೂ ಚಲಿಸುತ್ತಿರುವಾಗಲೇ ಹಿಂಭಾಗದ ಕಬ್ಬಿಣದ ಬಾಗಿಲು ಕೆಳಗೆ ಇಳಿಯತೊಡಗುತ್ತದೆ. ಆ ಹೊತ್ತಿಗೆ ಇಳಿಯುವವರೆಲ್ಲ ಕೆಳಗಿನ ವಾಹನಗಳ ಅಟ್ಟದಲ್ಲಿ, ಎಂಜಿನ್ ಚಾಲೂ ಮಾಡಿ ನಿಂತ ಲಾರಿಗಳ ನಡುವೆ, ಡೀಸೆಲ್ ಹೊಗೆ ಕುಡಿಯುತ್ತ ತಯಾರಾಗಿ ನಿಂತಿರುತ್ತಾರೆ. ಪೆಟ್ಟಿಗೆಗಳನ್ನು ಇಡಲು ಅಲ್ಲಿ ದ್ವೀಪದ ಹೆಸರು ಬರೆದ ಕಪಾಟುಗಳಿರುತ್ತವೆ. ಹತ್ತುವಾಗ ಸರಿಯಾದ ಹೆಸರಿನ ಕೆಳಗೆ ಇಡದಿದ್ದರೆ ಇಳಿಯುವಾಗ ಹುಡುಕುವ ಪಾಡು. ಬಾಗಿಲು ನೆಲ ಮುಟ್ಟಿತೋ ಇಲ್ಲವೋ, ಜನ, ಸ್ಕೂಟರು, ಲಾರಿ ಎಲ್ಲ ಒಟ್ಟಿಗೆ ಹೊರಗೆ ನುಗ್ಗುತ್ತವೆ, ದಕ್ಕೆಯಲ್ಲಿ ಕಾದವರು ಒಳಗೆ ನುಗ್ಗುತ್ತಾರೆ. ಸಣ್ಣ ದ್ವೀಪದಲ್ಲಿ ಇಡೀ ವ್ಯವಹಾರ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೇಲಟ್ಟದಲ್ಲಿ ಫೋಟೊ ತೆಗೆಯುತ್ತ ನಿಂತವರನ್ನು ಹಡಗು ಮುಂದಿನ ದ್ವೀಪಕ್ಕೆ ಕೊಂಡೊಯ್ಯುತ್ತದೆ.

ದೊಡ್ಡ ಹಡಗು ದಿನವೂ ನಿಲ್ಲದ ಊರುಗಳೂ ಇವೆ. ನಾಕ್ಸೊಸ್ ಮತ್ತು ಅಮೊರ್ಗೊಸ್ ನಡುವಿನ ಇರಾಕ್ಲಿಯಾ, ಸ್ಖಿನೂಸಾ, ಕೂಫೊನಿಸಿ, ದೊನೂಸಾ ಎಂಬ ಪುಟ್ಟ ದ್ವೀಪಗಳನ್ನು ಬಹುಕಾಲದಿಂದ ಒಂದಕ್ಕೊಂದು ಹೊಲಿದಿಟ್ಟದ್ದು ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಎಂಬ ಸಣ್ಣ ಹಡಗು. ಹೆಸರಿಗಷ್ಟೇ ಅದು ಎಕ್ಸ್‌ಪ್ರೆಸ್. ಲಾಭ ಬಾರದ ಇಂಥ ದಾರಿಗಳಿಗೆ ಗ್ರೀಕರು ‘ಆಗೊನಿ ಗ್ರಮ್ಮಿ’ ಎನ್ನುತ್ತಾರೆ. ಬಂಜರು ದಾರಿ ಎಂದು ಅರ್ಥ. ಸರ್ಕಾರ ಸಹಾಯಧನ ಕೊಟ್ಟು ಇವನ್ನು ಓಡಿಸುತ್ತದೆ. ಇಲ್ಲದಿದ್ದರೆ ಆ ದ್ವೀಪಗಳು ಎಂದೋ ಬರಿದಾಗುತ್ತಿದ್ದವು.

ಇಷ್ಟೆಲ್ಲದರ ಮೇಲಿನ ಯಜಮಾನ ಗಾಳಿ. ಜುಲೈ, ಆಗಸ್ಟಿನಲ್ಲಿ ಏಜಿಯನ್ ಮೇಲೆ ಉತ್ತರದಿಂದ ‘ಮೆಲ್ಟೆಮಿ’ ಬೀಸುತ್ತದೆ. ಮೋಡವಿಲ್ಲದ ನೀಲಿ ಆಕಾಶದ ಕೆಳಗೆ ಸಮುದ್ರ ನೊರೆಗಟ್ಟಿ ಕುದಿಯುವುದು ಇದರ ವಿಶೇಷ. ದಂಡೆಯ ಮೇಲಿರುವ ಹೊಸಬರಿಗೆ ಹಡಗು ಏಕೆ ಬರಲಿಲ್ಲ ಎಂದೇ ತಿಳಿಯುವುದಿಲ್ಲ. ಗಾಳಿಯ ಬಲವನ್ನು ಅಳೆಯುವುದು ಬೋಫರ್ಟ್ ಮಾಪಕದಲ್ಲಿ. ಅದರಲ್ಲಿ 8 ಎಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗ. ಸಣ್ಣ ಮತ್ತು ವೇಗದ ದೋಣಿಗಳನ್ನು ಅದಕ್ಕಿಂತ ಕಡಿಮೆ ಗಾಳಿಗೇ ತಡೆಯಲಾಗುತ್ತದೆ, ದೊಡ್ಡವು ಇನ್ನೂ ಸ್ವಲ್ಪ ತಾಳುತ್ತವೆ. ಕರಾವಳಿ ಕಾವಲು ಪಡೆ ಹೊರಡಿಸುವ ನಿಷೇಧಕ್ಕೆ ‘ಅಪಗೊರೆಫ್ಟಿಕೊ’ ಎಂದು ಹೆಸರು. ಬಂದರಿನ ಚಹಾದಂಗಡಿಯಲ್ಲಿ ಆ ಶಬ್ದ ಕಿವಿಗೆ ಬಿದ್ದರೆ ಕೋಣೆಯನ್ನು ಇನ್ನೊಂದು ದಿನಕ್ಕೆ ಕೇಳಿಕೊಳ್ಳುವುದು ಜಾಣತನ.

ಈ ಕಟ್ಟುನಿಟ್ಟಿನ ಹಿಂದೆ ಸಾವಿನ ನೆನಪುಗಳಿವೆ. 1966ರ ಡಿಸೆಂಬರಿನಲ್ಲಿ ಕ್ರೀಟ್‌ನಿಂದ ಬರುತ್ತಿದ್ದ ಹೆರಾಕ್ಲಿಯಾನ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿತು. ಒಳಗೆ ಸಡಿಲಗೊಂಡ ಲಾರಿಯೊಂದು ಪಕ್ಕದ ಬಾಗಿಲಿಗೆ ಬಡಿದು, ನೀರು ನುಗ್ಗಿ, 200ಕ್ಕೂ ಹೆಚ್ಚು ಜನ ಸತ್ತರು. 2000ದ ಸೆಪ್ಟೆಂಬರ್ 26ರ ರಾತ್ರಿ ಎಕ್ಸ್‌ಪ್ರೆಸ್ ಸಮಿನಾ ಎಂಬ ಹಡಗು ಪಾರೊಸ್ ಬಂದರಿನ ಹೊರಗೇ ಪೋರ್ಟೆಸ್ ಬಂಡೆಗಳಿಗೆ ಬಡಿದು ಮುಳುಗಿತು. 80ಕ್ಕೂ ಹೆಚ್ಚು ಜನ ತೀರಿಕೊಂಡರು. ಬದುಕಿದವರಲ್ಲಿ ಎಷ್ಟೋ ಜನರನ್ನು ಎತ್ತಿದ್ದು ಕತ್ತಲಲ್ಲೇ ಬಲೆದೋಣಿ ಹತ್ತಿ ಹೊರಟ ಪಾರೊಸ್‌ನ ಮೀನುಗಾರರು. ಹಳೆಯ ಹಡಗುಗಳ ವಯೋಮಿತಿಯನ್ನು ಬಿಗಿಗೊಳಿಸಿದ್ದು ಆಮೇಲೆ. ಹಡಗು ರದ್ದಾದಾಗ ದ್ವೀಪದವರು ಗೊಣಗುತ್ತಾರೆ, ಆದರೆ ಜಗಳಕ್ಕೆ ನಿಲ್ಲುವುದಿಲ್ಲ.

ಗಾಳಿ ಸುಮ್ಮನಿದ್ದರೂ ಮುಷ್ಕರ ಇರಬಹುದು. ಗ್ರೀಸ್‌ನ ನಾವಿಕರ ಸಂಘಟನೆ ಬಲವಾದದ್ದು. ಅದು ಕರೆ ಕೊಟ್ಟ ದಿನ ದೇಶದ ಹಡಗುಗಳೆಲ್ಲ ಕಟ್ಟೆಯಲ್ಲೇ ನಿಲ್ಲುತ್ತವೆ. ಮೇ 1ರಂದು ಪ್ರಯಾಣ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಭಾರತದಿಂದ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಕೊಸ್, ರೋಡ್ಸ್, ಸಾಮೊಸ್‌ಗಳಿಂದ ಟರ್ಕಿಯ ದಡ ಕಣ್ಣಳತೆಯಲ್ಲಿದೆ, ದೋಣಿಗಳೂ ಇವೆ. ಆದರೆ ಒಂದೇ ಪ್ರವೇಶದ ಷೆಂಗನ್ ವೀಸಾ ಇದ್ದವರು ಆ ದೋಣಿ ಹತ್ತಿದರೆ ಗ್ರೀಸ್‌ಗೆ ಮರಳಿ ಬರಲಾಗುವುದಿಲ್ಲ.

ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿಯನ್ನು ಅಥೆನ್ಸಿನಲ್ಲೇ ಕಳೆಯುವಂತೆ ದಿನಗಳನ್ನು ಜೋಡಿಸಿಕೊಳ್ಳಿ. ಜುಲೈ, ಆಗಸ್ಟ್ ಆದರೆ ಎರಡು ರಾತ್ರಿ. ಗಾಳಿಯಿಂದ ಹಡಗು ರದ್ದಾದರೆ ಕಂಪನಿ ಟಿಕೆಟ್ ಹಣವನ್ನು ಹಿಂತಿರುಗಿಸುತ್ತದೆ ಅಥವಾ ಮುಂದಿನ ಹಡಗಿನಲ್ಲಿ ಜಾಗ ಕೊಡುತ್ತದೆ. ತಪ್ಪಿಹೋದ ವಿಮಾನಕ್ಕೆ ಅದು ಹೊಣೆಯಲ್ಲ.